ಪರ್ಸಿ ಜೂಲಿಯನ್

ನಮ್ಮ ದೇಹದ ನಿರ್ನಾಳ ಗ್ರಂಥಿಗಳು ಹಾರ್ಮೋನುಗಳೆಂಬ ರಸಗಳನ್ನು ಸ್ರವಿಸುತ್ತವೆ. ರಕ್ತದೊಡನೆ ಹರಿದು ದೂರದ ಅಂಗಗಳಿಗೆ ಸಂದೇಶವನ್ನು ಮುಟ್ಟಿಸುವುದು ಇವುಗಳ ಕಾರ್ಯ. ಇವುಗಳಲ್ಲಿ ಸ್ಟೀರಾಯ್ಡ್ ಪಂಗಡದವು ಜೀವಕೋಶದ ಪೊರೆಯನ್ನು ದಾಟಿ ಒಳಹೊಕ್ಕು, ತಮಗೆ ತಕ್ಕ ಗ್ರಾಹಕವನ್ನು ಬೀಗಕ್ಕೆ ಕೀಲಿಯಂತೆ ಕೂಡಿ, ಕೋಶಕೇಂದ್ರದ ಜೀನುಗಳನ್ನು ಪ್ರಚೋದಿಸುತ್ತವೆ ಇಲ್ಲವೆ ತಡೆಯುತ್ತವೆ. ಎಳ್ಳಷ್ಟು ಹಾರ್ಮೋನು ಸಾಕು, ಇಡೀ ದೇಹದ ನಡೆ ಬದಲಾಗುತ್ತದೆ. ಪ್ರಾಣಿಗಳ ಅಂಗಗಳಿಂದ ಬಲು ಕಷ್ಟದಿಂದ ತೆಗೆಯುತ್ತಿದ್ದ ಈ ದುಬಾರಿ ವಸ್ತುಗಳನ್ನು ಸೋಯಾ ಅವರೆಯಿಂದ ಹೇರಳವಾಗಿ ತಯಾರಿಸಿದ ವಿಜ್ಞಾನಿಯೇ ಪರ್ಸಿ ಜೂಲಿಯನ್.

ಅವರು 1899ರ ಏಪ್ರಿಲ್ 11ರಂದು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೋಮರಿಯಲ್ಲಿ ಜನಿಸಿದರು. ಅವರ ಅಜ್ಜ ಗುಲಾಮರಾಗಿದ್ದವರು. ಆ ಊರಿನಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಎಂಟನೆಯ ತರಗತಿಯಿಂದಾಚೆ ಸರಕಾರಿ ಶಾಲೆಯಿರಲಿಲ್ಲ. ಡಿಪಾ ವಿಶ್ವವಿದ್ಯಾನಿಲಯವನ್ನು ಸೇರಿದಾಗ ವಿದ್ಯಾರ್ಥಿನಿಲಯದಲ್ಲಿಯೂ ಅವರಿಗೆ ಎಡೆ ದೊರೆಯಲಿಲ್ಲ. ಆದರೂ ದುಡಿಯುತ್ತಲೇ ಓದಿ, 1920ರಲ್ಲಿ ತರಗತಿಗೆ ಮೊದಲಿಗರಾಗಿ ತೇರ್ಗಡೆಯಾದರು. 1931ರಲ್ಲಿ ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದು ತಾಯ್ನಾಡಿಗೆ ಮರಳಿದರು.

ಕಾಲಬಾರ್ ಬೀಜದಲ್ಲಿರುವ, ಕಣ್ಣಿನ ಬೇನೆಗೆ ಮದ್ದಾದ ಫೈಸೊಸ್ಟಿಗ್ಮೀನನ್ನು ಅವರು 1935ರಲ್ಲಿ ಪ್ರಯೋಗಾಲಯದಲ್ಲಿಯೇ ಸಂಶ್ಲೇಷಿಸಿದರು. ಇಷ್ಟಾದರೂ ಪ್ರಾಧ್ಯಾಪಕ ಪದವಿ ಅವರ ಪಾಲಿಗೆ ಬರಲಿಲ್ಲ. 1936ರಲ್ಲಿ ಚಿಕಾಗೋದ ಗ್ಲಿಡನ್ ಕಂಪನಿಯನ್ನು ಸೇರಿದರು. ಅಲ್ಲಿ ಒಮ್ಮೆ ಸೋಯಾ ಎಣ್ಣೆಯ ತೊಟ್ಟಿಗೆ ನೀರು ಸೋರಿ ಬಿಳಿಯ ಗಷ್ಟು ಕಟ್ಟಿತು. ಎಣ್ಣೆ ಕೆಟ್ಟಿತೆಂದು ಉಳಿದವರು ಕಳವಳಗೊಂಡರು. ಆದರೆ ಅದು ಕಾಲಬಾರ್ ಬೀಜದಲ್ಲಿ ತಾವು ಹಿಂದೆಯೇ ಕಂಡಿದ್ದ ಸ್ಟಿಗ್ಮಾಸ್ಟೆರಾಲ್ ಎಂಬುದನ್ನು ಜೂಲಿಯನ್ನರು ಗುರುತಿಸಿದರು. ಅದರಿಂದ, ಗರ್ಭವನ್ನು ಕಾಪಾಡುವ ಪ್ರೊಜೆಸ್ಟೆರಾನ್ ಹಾರ್ಮೋನನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರು.

ಕೀಲುವಾತದಿಂದ ನರಳುವವರಿಗೆ ಕಾರ್ಟಿಸೋನ್ ಉಪಶಮನ ನೀಡುವುದೆಂದು 1948ರಲ್ಲಿ ಕಂಡುಬಂದಿತ್ತು. ಆಗ ಅದನ್ನು ದನಗಳ ಪಿತ್ತರಸದಿಂದ ತಯಾರಿಸಬೇಕಾಗಿತ್ತು. ಮರುವರ್ಷವೇ ಜೂಲಿಯನ್ನರು ಈ ಔಷಧಗಳಿಗೆ ಬಹು ಸಮೀಪದ ಸಂಯುಕ್ತವೊಂದನ್ನು ತಯಾರಿಸುವ ಸುಲಭ ಮಾರ್ಗವನ್ನು ತೋರಿಸಿದರು. ಇಂತಹ ಹಲವರ ಸಾಧನೆಗಳಿಂದ ಆ ಮದ್ದು ಸಾಮಾನ್ಯರ ಕೈಗೆಟುಕಿತು. ಅತಿಯಾದರೆ ಅಮೃತವೂ ವಿಷವೆಂಬಂತೆ, ವೈದ್ಯರ ಸಲಹೆಯಿಲ್ಲದೆ ಸೇವಿಸಿದರೆ ಅದು ಮೂಳೆಗಳನ್ನು ಸವೆಸುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ.

1950ರಲ್ಲಿ ಅವರು ಬಿಳಿಯರೇ ಹೆಚ್ಚಾಗಿದ್ದ ಓಕ್ ಪಾರ್ಕಿನಲ್ಲಿ ಮನೆ ಕೊಂಡರು. ದುರುಳರು ಆ ಮನೆಗೆ ಬೆಂಕಿಯಿಡಲು ಯತ್ನಿಸಿದರು. ಮರುವರ್ಷ ಡೈನಮೈಟ್ ಎಸೆದರು. ಜೂಲಿಯನ್ನರು ಮನೆಯನ್ನೂ ಬಿಡಲಿಲ್ಲ, ಸಂಶೋಧನೆಯನ್ನೂ ಬಿಡಲಿಲ್ಲ. 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿ ಗೌರವಿಸಿತು. 1975ರ ಏಪ್ರಿಲ್ 19ರಂದು ಅವರು ನಿಧನರಾದರು.

ರಕ್ತದಲ್ಲಿ ಹರಿಯುವ ಹಾರ್ಮೋನು ಯಾರ ಮೈಬಣ್ಣವನ್ನೂ ಕೇಳುವುದಿಲ್ಲ. ಬಣ್ಣವನ್ನು ಕೇಳಿದ ಸಮಾಜದ ನೋವನ್ನೂ ನೀಗುವ ಮದ್ದನ್ನು ಜೂಲಿಯನ್ನರು ಕೊಟ್ಟುಹೋದರು.