ಪಾದ್ರಿ ತೋಮಸ್ ಸ್ಟೀಫನ್ಸ್ ಮತ್ತು ಮಕ್ಕಳ ಧರ್ಮಪಾಠದ ಪದಗಳು

1622ರಲ್ಲಿ ಗೋವೆಯ ಸಾಷ್ಟಿ ಸೀಮೆಗೆ ಸೇರಿದ ರಾಚೋಲಿನ ಯೇಸುಸಭೆಯ ಮುದ್ರಣಾಲಯದಿಂದ ಕೊಂಕಣಿ ಭಾಷೆಯ ಒಂದು ಚಿಕ್ಕ ಪುಸ್ತಕ ಹೊರಬಂದಿತು. ಮಕ್ಕಳಿಗೆ ಕಲಿಸುವುದಕ್ಕಾಗಿ ಸಂವಾದರೂಪದಲ್ಲಿ ಅಳವಡಿಸಿದ ಕ್ರೈಸ್ತಧರ್ಮಪಾಠ ಎಂದು ಅದರ ಪೋರ್ಚುಗೀಸ್ ಶೀರ್ಷಿಕೆಯೇ ತಿಳಿಸುತ್ತದೆ. ಪೋರ್ಚುಗಲ್ಲಿನ ಯೇಸುಸಭೆಯ ಮಾರ್ಕೋಸ್ ಜೋರ್ಜೆ ಅಲ್ಲಿಯ ಮಕ್ಕಳಿಗೆಂದು ರಚಿಸಿದ್ದ ಪಾಠವೇ ಇದಕ್ಕೆ ಮೂಲ. ಕೊಂಕಣಿಗೆ ತಂದವರು ಪಾದ್ರಿ ತೋಮಸ್ ಸ್ಟೀಫನ್ಸ್. ಪುಸ್ತಕ ಅಚ್ಚಾಗುವ ವೇಳೆಗೆ ಅವರು ತೀರಿಕೊಂಡು ಮೂರು ವರ್ಷಗಳಾಗಿದ್ದವು. ಹುಟ್ಟಿನಿಂದ ಇಂಗ್ಲಿಷರು, ದೀಕ್ಷೆಯಿಂದ ರೋಮಿನ ಯೇಸುಸಭೆಯವರು, ಆಳುವವರ ಲೆಕ್ಕದಲ್ಲಿ ಪೋರ್ಚುಗೀಸ್ ಪಾದ್ರಿಗಳಲ್ಲೊಬ್ಬರು. ಆದರೆ ಅವರ ಹೆಸರು ಉಳಿದಿರುವುದು ಕೊಂಕಣಿ ಮತ್ತು ಮರಾಠಿಗಳಲ್ಲಿ.

ಈ ಪುಸ್ತಕದ ಶೀರ್ಷಿಕೆಯಲ್ಲಿ ಭಾಷೆಯ ಹೆಸರು 'ಬ್ರಾಹ್ಮಣ ಕನಾರಿಂ' ಎಂದಿದೆ. ಕನ್ನಡದ ವಿದ್ಯಾರ್ಥಿ ಇಲ್ಲಿ ಎಡವುವ ಸಂಭವವುಂಟು. ಪೋರ್ಚುಗೀಸರು ಗೋವೆಯ ಜನರನ್ನು 'ಕನಾರಿಂ' ಎಂದು ಕರೆದರು. ಕೆನರಾ, ಕನ್ನಡ ಎಂಬ ಹೆಸರುಗಳಿಗೂ ಆ ಜನರ ಮಾತಿಗೂ ನಡುವಿನ ವ್ಯತ್ಯಾಸ ಅವರಿಗೆ ಮುಖ್ಯವಾಗಿರಲಿಲ್ಲ. ಕದಂಬರೂ ವಿಜಯನಗರದ ಅರಸರೂ ಆಳಿದ ನಾಡಿನಲ್ಲಿ ಕನ್ನಡದ ಹೆಸರು ಹೀಗೆ ಅಂಟಿಕೊಂಡದ್ದು ಆಶ್ಚರ್ಯವೇನಲ್ಲ. ಆದರೆ ಪುಸ್ತಕದೊಳಗಿನ ಭಾಷೆ ಕೊಂಕಣಿಯೇ.

ಸ್ಟೀಫನ್ಸರು ಸುಮಾರು 1549ರಲ್ಲಿ ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಬುಷ್ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ವಿಂಚೆಸ್ಟರಿನ ಶಾಲೆಯಲ್ಲಿ ಓದಿದರು. ಎಲಿಜಬೆತ್ ರಾಣಿಯ ಆ ಕಾಲದಲ್ಲಿ ಕ್ಯಾಥೊಲಿಕರು ತಮ್ಮ ಶ್ರದ್ಧೆಯನ್ನು ಬಚ್ಚಿಟ್ಟುಕೊಂಡೇ ಬಾಳಬೇಕಾಗಿತ್ತು. ಸ್ಟೀಫನ್ಸರು ತೋಮಸ್ ಪೌಂಡ್ ಎಂಬ ಶ್ರೀಮಂತ ಗೆಳೆಯನ ಸೇವಕನಂತೆ ವೇಷ ಧರಿಸಿ ಅವನೊಡನೆ ತಿರುಗಿದರು. ಇಬ್ಬರೂ ರೋಮಿಗೆ ಹೋಗಿ ಯೇಸುಸಭೆಯನ್ನು ಸೇರುವ ಯೋಜನೆಯಿತ್ತು. ಹೊರಡುವ ಮುನ್ನವೇ ಪೌಂಡ್ ಸೆರೆಸಿಕ್ಕಿ ಬದುಕಿನ ಸುಮಾರು ಮೂವತ್ತು ವರ್ಷಗಳನ್ನು ಸೆರೆಮನೆಗಳಲ್ಲಿ ಕಳೆದನು. ಸೇವಕನ ವೇಷದವರು ಒಬ್ಬರೇ ರೋಮನ್ನು ತಲಪಿ 1575ರಲ್ಲಿ ಸಭೆಯನ್ನು ಸೇರಿದರು. ತನ್ನ ನಂಬಿಕೆಯನ್ನು ತನ್ನ ನಾಡಿನಲ್ಲಿ ಬಾಯಿಬಿಟ್ಟು ಹೇಳಲಾಗದ ಸ್ಥಿತಿಯನ್ನು ಅನುಭವಿಸಿದವರು ಮುಂದೆ ರಾಜ್ಯಶಕ್ತಿಯ ನೆರಳಿನಲ್ಲಿ ಧರ್ಮಬೋಧೆ ಮಾಡಬೇಕಾಗಿ ಬಂದುದು ಈ ಜೀವನದ ವಿಪರ್ಯಾಸ.

1579ರ ಏಪ್ರಿಲ್ 4ರಂದು ಲಿಸ್ಬನ್ನಿನಿಂದ ಹೊರಟ ಹಡಗು ಅಕ್ಟೋಬರ್ 24ರಂದು ಗೋವೆಯನ್ನು ಮುಟ್ಟಿತು. ಆ ಪ್ರಯಾಣವನ್ನು ವಿವರಿಸಿ ತಂದೆಗೆ ಬರೆದ ಪತ್ರವನ್ನು ಹಾಕ್ಲೂಯ್ಟ್ ತನ್ನ ಪ್ರವಾಸಸಂಗ್ರಹದಲ್ಲಿ ಅಚ್ಚುಮಾಡಿದನು. ಇಂಗ್ಲಿಷ್ ವ್ಯಾಪಾರಿಗಳು ಅದನ್ನು ಆಸಕ್ತಿಯಿಂದ ಓದಿದರು. ಅವರ ಕಂಪನಿಯ ಹಡಗು ಸೂರತ್ತಿನ ಬಂದರಿಗೆ ಬಂದದ್ದು 1608ರಲ್ಲಿ. ಅದಕ್ಕೂ ಮುನ್ನ, 1583ರ ಕೊನೆಯಲ್ಲಿ, ಹೋರ್ಮುಜ್‌ನಲ್ಲಿ ಸೆರೆಸಿಕ್ಕು ಗೋವೆಗೆ ತರಲ್ಪಟ್ಟ ನ್ಯೂಬೆರಿ, ಫಿಚ್ ಮೊದಲಾದ ಇಂಗ್ಲಿಷರಿಗೆ ಜಾಮೀನು ದೊರೆಯುವಂತೆ ನೆರವಾದವರೂ ಸ್ಟೀಫನ್ಸರೇ. ಚರಿತ್ರಕಾರರು ಈ ಭಾಗವನ್ನು ಬಹಳ ಹಿಗ್ಗಿಸಿ ಬರೆದಿದ್ದಾರೆ. ಅವರ ಬದುಕಿನ ತಿರುಳು ಇಲ್ಲಿಲ್ಲ.

ಸ್ಟೀಫನ್ಸರು ಗೋವೆಗೆ ಬಂದ ಒಂದು ತಿಂಗಳೊಳಗೆ ಅದೇ ಸಭೆಯ ರೊಡೊಲ್ಫೊ ಅಕ್ವಾವಿವ ಅವರು ಸೂರತ್ತಿನ ಮಾರ್ಗವಾಗಿ ಅಕ್ಬರನ ಆಸ್ಥಾನಕ್ಕೆ ಹೊರಟರು. ಪಂಡಿತರ ವಾದಸಭೆಯಲ್ಲಿ ಕ್ರೈಸ್ತಮತವನ್ನು ಮಂಡಿಸುವ ಹೊಣೆ ಅವರದು. ಸ್ಟೀಫನ್ಸರಿಗೆ ಒದಗಿದ್ದು ಸಾಷ್ಟಿಯ ಹಳ್ಳಿಗಳ ಇಗರ್ಜಿಗಳು. ಅಲ್ಲಿ ಪೋರ್ಚುಗೀಸ್ ಆಡಳಿತ 1567ರಲ್ಲಿ ದೇವಾಲಯಗಳನ್ನು ಸಾಮೂಹಿಕವಾಗಿ ಕೆಡವಿಸಿತ್ತು. ಮತವಿಚಾರಣೆಯ ನ್ಯಾಯಾಲಯ 1560ರಿಂದಲೇ ನಡೆಯುತ್ತಿತ್ತು. 1583ರ ಜುಲೈಯಲ್ಲಿ, ಮೊಗಲ್ ಆಸ್ಥಾನದಿಂದ ಮರಳಿದ್ದ ಅಕ್ವಾವಿವರನ್ನೂ ಇನ್ನು ನಾಲ್ವರು ಯೇಸುಸಭೆಯವರನ್ನೂ ಕುಂಕಳ್ಳಿಯ ಜನ ಕೊಂದರು. ಪೋರ್ಚುಗೀಸರು ಆ ಊರಿನ ಗಾಂವ್ಕಾರರನ್ನು ಮಾತುಕತೆಯ ನೆಪದಿಂದ ಕೋಟೆಗೆ ಕರೆಸಿ ಕೊಂದರು. ಮಕ್ಕಳ ಪಾಠದ ಹಿಂದೆ ಇಂತಹ ನೆಲವಿತ್ತೆಂಬುದನ್ನು ಮರೆತು ಸ್ಟೀಫನ್ಸರ ಭಾಷಾಪ್ರೇಮವನ್ನು ಮಾತ್ರ ಕೊಂಡಾಡುವುದು ಸರಿಯಾಗದು.

ಅದೇ 1583ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿದ್ದ ಸೋದರನಿಗೆ ಬರೆದ ಪತ್ರದಲ್ಲಿ, ಈ ಸೀಮೆಯ ಭಾಷೆಗಳ ರಚನೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳದ್ದನ್ನು ಹೋಲುತ್ತದೆಂದು ಸ್ಟೀಫನ್ಸರು ಗುರುತಿಸಿದರು. ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಈ ಬಾಂಧವ್ಯವನ್ನು ಸಾರಿದ್ದು 1786ರಲ್ಲಿ, ಎರಡು ಶತಮಾನಗಳ ತರುವಾಯ. ಸ್ಟೀಫನ್ಸರು ಇದನ್ನು ಸಿದ್ಧಾಂತವಾಗಿ ಬೆಳೆಸಲಿಲ್ಲ. ಭಾಷೆಯನ್ನು ಕಲಿಯುವವನ ಕಣ್ಣಿಗೆ ಬಿದ್ದ ಸಂಗತಿಯಾಗಿ ಬರೆದು ಮುಂದೆ ನಡೆದರು. ಅವರ ಕೊಂಕಣಿ ವ್ಯಾಕರಣವೂ ಹಾಗೆಯೇ ಕಲಿಯುವ ಪಾದ್ರಿಗಳ ಉಪಯೋಗಕ್ಕೆ ಹುಟ್ಟಿದ್ದು. ದಿಯೋಗೊ ರಿಬೈರೊ ಮೊದಲಾದವರ ಸೇರ್ಪಡೆಗಳೊಡನೆ ಅದು 1640ರಲ್ಲಿ ರಾಚೋಲಿನಲ್ಲಿಯೇ ಅಚ್ಚಾಯಿತು. ಭಾರತೀಯ ಭಾಷೆಗಳ ವ್ಯಾಕರಣಗಳಲ್ಲಿ ಮೊತ್ತಮೊದಲು ಮುದ್ರಣ ಕಂಡವುಗಳಲ್ಲಿ ಅದೊಂದು.

ಧರ್ಮಪಾಠದ ಕಷ್ಟವೇ ಬೇರೆ. ಏಳೆಂಟು ವರ್ಷದ ಮಗುವಿಗೆ ದೇವರು, ಪಾಪ, ಕೃಪೆ, ಸ್ವರ್ಗ, ಪವಿತ್ರಾತ್ಮ, ಬಲಿಪೂಜೆ ಎಂಬ ಕಲ್ಪನೆಗಳನ್ನು ಯಾವ ಪದಗಳಿಂದ ತಿಳಿಸಬೇಕು? ನಾಡಿನ ಪದವನ್ನೇ ಎತ್ತಿಕೊಂಡರೆ ಅದರೊಡನೆ ಹಳೆಯ ಅರ್ಥವೂ ಮನೆಯೊಳಗೆ ಬರುತ್ತದೆ. ಪರದೇಶದ ಪದವನ್ನು ಹಾಗೆಯೇ ಇಟ್ಟರೆ ಮಗು ಅದನ್ನು ಮಂತ್ರದಂತೆ ಬಾಯಿಪಾಠ ಮಾಡುತ್ತದೆ, ಒಳಗೆ ಏನೂ ಇಳಿಯುವುದಿಲ್ಲ. ಈ ಇಕ್ಕಟ್ಟಿಗೆ ಆ ಕಾಲದ ಮಿಷನ್ನುಗಳಲ್ಲಿ ಕಹಿಯಾದ ಅನುಭವಗಳಿದ್ದವು. ಜಪಾನಿನಲ್ಲಿ ಫ್ರಾನ್ಸಿಸ್ ಕ್ಸೇವಿಯರರು ದೇವರಿಗೆ 'ದೈನಿಚಿ' ಎಂಬ ಹೆಸರನ್ನು ಬಳಸಿದರು. ಅದು ಬೌದ್ಧರ ಮಹಾವೈರೋಚನನ ಹೆಸರೆಂದು ತಿಳಿದ ಮೇಲೆ ಅದನ್ನು ಕೈಬಿಟ್ಟು ಲ್ಯಾಟಿನ್ನಿನ 'ದೇವುಸ್' ಪದಕ್ಕೆ ಮರಳಿದರು. ತಮಿಳುನಾಡಿನಲ್ಲಿ ಇದಕ್ಕೆ ತಿರುಗುಮುರುಗಾದ ಪೇಚು. ಪೋರ್ಚುಗೀಸಿನ 'ಮಿಸ್ಸಾ' ಎಂಬ ಬಲಿಪೂಜೆಯ ಹೆಸರು ತಮಿಳರ ಕಿವಿಗೆ ಮೀಸೆಯಂತೆ ಕೇಳಿಸಿತು. 1606ರಲ್ಲಿ ಮದುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಅದರ ಬದಲು ಪೂಜೆಯೆಂಬ ಪದವನ್ನೇ ಆರಿಸಿಕೊಂಡರು. ಕನ್ನಡದ ಕಿವಿಗೂ ಆ ಪದದಿಂದ ಅದೇ ಅನಾಹುತವಾಗುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಸ್ಟೀಫನ್ಸರದು ಮಧ್ಯಮಮಾರ್ಗ. ಇಗರ್ಜಿಯ ವಿಧಿಗಳಿಗೆ ಸಂಬಂಧಿಸಿದ ಕಡೆ, ತಪ್ಪರ್ಥಕ್ಕೆ ಆಸ್ಪದ ಇರಲೇಬಾರದೆನಿಸಿದಲ್ಲಿ, ಪೋರ್ಚುಗೀಸ್ ಅಥವಾ ಲ್ಯಾಟಿನ್ ಪದವನ್ನು ಉಳಿಸಿಕೊಳ್ಳುವ ರೂಢಿಗೆ ಅವರು ಒಪ್ಪಿದರು. ಗೋವೆಯಿಂದ ಮಂಗಳೂರಿನವರೆಗಿನ ಕೊಂಕಣಿಯಲ್ಲಿ ಬೇರೂರಿದ ಇಗರ್ಜ್, ಮೀಸ್, ಖುರಿಸ್, ಕುಮ್ಸಾರ್, ಕುಮ್ಗಾರ್ ಮೊದಲಾದ ಪದಗಳು ಈ ರೂಢಿಯಿಂದ ಬಂದವು. ಪವಿತ್ರಾತ್ಮನು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕೊಂಕಣಿ ಮಕ್ಕಳ ಬಾಯಲ್ಲಿ 'ಸ್ಪಿರಿತ್ ಸಾಂತ್' ಆಗಿಯೇ ಇದ್ದನು. ಆದರೆ ಮನಸ್ಸಿನ ಭಾವಕ್ಕೆ, ದೇವರ ಗುಣಕ್ಕೆ, ಪರಲೋಕದ ಸುಖಕ್ಕೆ ಸಂಬಂಧಿಸಿದಲ್ಲಿ ಸ್ಟೀಫನ್ಸರು ಹಿಂಜರಿಯಲಿಲ್ಲ. ಅವರ ಕಾವ್ಯದಲ್ಲಿ ದೇವರು ಪರಮೇಶ್ವರ, ಸ್ವರ್ಗ ವೈಕುಂಠ. ಕೃಪೆ ಕೊಂಕಣಿಯ ನಾಲಗೆಯಲ್ಲಿ 'ಕುರ್ಪಾ' ಆಗಿ ಮರಿಯಮ್ಮನ ಜಪದೊಳಗೆ ಸೇರಿಹೋಯಿತು. ವೈಕುಂಠದ ಪದವನ್ನು ಎತ್ತಿಕೊಂಡು ವಿಷ್ಣುವನ್ನು ಹೊರಗಿಡುವುದು ಸಾಧ್ಯವೆ ಎಂದು ಕೇಳಬಹುದು. ಸ್ಟೀಫನ್ಸರು ಸಾಧ್ಯವೆಂದು ನಂಬಿದರು. ಪದದ ಅರ್ಥವನ್ನು ನಿಘಂಟು ನಿಶ್ಚಯಿಸುವುದಕ್ಕಿಂತ ಅದರ ಸುತ್ತ ಹೇಳುವ ಕಥೆ ನಿಶ್ಚಯಿಸುತ್ತದೆಂಬ ತಿಳಿವಳಿಕೆ ಅವರ ಬರವಣಿಗೆಯುದ್ದಕ್ಕೂ ಕಾಣುತ್ತದೆ. ಈ ತಿಳಿವಳಿಕೆಯೇ ಅವರನ್ನು ಪ್ರಶ್ನೋತ್ತರದ ಪುಸ್ತಕಕ್ಕೆ ನಿಲ್ಲಿಸದೆ ಪುರಾಣರಚನೆಗೆ ಎಳೆದೊಯ್ದಿತು.

ಆ ಪುರಾಣ ಹುಟ್ಟಿದ್ದೂ ಧರ್ಮಪಾಠದ ತರಗತಿಯಲ್ಲಿಯೇ. ಗ್ರಂಥದ ಆರಂಭದಲ್ಲಿ ಅದರ ಕಥೆಯಿದೆ. ಒಂದು ಭಾನುವಾರ ಸಾಷ್ಟಿಯ ಇಗರ್ಜಿಯೊಂದರಲ್ಲಿ ಪಾಠ ಮುಗಿಯುವ ಹೊತ್ತಿಗೆ ಹೊಸದಾಗಿ ಕ್ರೈಸ್ತನಾದ ಬ್ರಾಹ್ಮಣನೊಬ್ಬ ಎದ್ದು ಪಾದ್ರಿಯನ್ನು ಕೇಳುತ್ತಾನೆ: ಹಿಂದಿನ ಪುರಾಣಗಳನ್ನು ನಮಗೆ ನಿಷೇಧಿಸಿದಿರಿ, ಅವುಗಳಂಥದೇ ಬೇರೆ ಪುರಾಣವನ್ನು ಏಕೆ ಕೊಡಬಾರದು ಎಂಬುದು ಅವನ ಮಾತಿನ ಸಾರ. ಆ ಕೇಳಿಕೆಯಲ್ಲಿ ಭಕ್ತಿಯಷ್ಟೇ ದೂರೂ ಇದೆ. ಕಿತ್ತುಕೊಂಡದ್ದರ ಜಾಗ ಬರಿದಾಗಿದೆ ಎಂಬ ದೂರನ್ನು ಸ್ಟೀಫನ್ಸರು ಮರೆಮಾಡದೆ ತಮ್ಮ ಕೃತಿಯ ಬಾಗಿಲಲ್ಲಿಯೇ ದಾಖಲಿಸಿದರೆಂಬುದು ಗಮನಾರ್ಹ.

ಉತ್ತರವಾಗಿ ಬಂದದ್ದು ಓವಿ ಛಂದಸ್ಸಿನ ಸುಮಾರು 11,000 ಪದ್ಯಗಳ 'ಕ್ರಿಸ್ತಪುರಾಣ'. ಮೊದಲ ಭಾಗದಲ್ಲಿ ಸೃಷ್ಟಿಯಿಂದ ಕ್ರಿಸ್ತನ ಜನನದ ನಿರೀಕ್ಷೆಯವರೆಗಿನ ಕಥೆ, ಎರಡನೆಯದರಲ್ಲಿ ಕ್ರಿಸ್ತನ ಚರಿತೆ. 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು; 1649ರಲ್ಲೂ 1654ರಲ್ಲೂ ಮರುಮುದ್ರಣಗೊಂಡಿತು. ಇಲ್ಲಿ ಅವರು ಕೊಂಕಣಿಯನ್ನು ಬಿಟ್ಟು, ಕೊಂಕಣಿ ಬೆರೆತ ಮರಾಠಿಯನ್ನು ಹಿಡಿದರು. ಮನೆಯ ಮಾತು ಮಕ್ಕಳ ಪ್ರಶ್ನೋತ್ತರಕ್ಕೆ. ಜ್ಞಾನೇಶ್ವರ, ಏಕನಾಥರ ಮರಾಠಿ ಪುರಾಣಶ್ರವಣಕ್ಕೆ. ಜನ ದೇವಕಥೆಯನ್ನು ಯಾವ ಭಾಷೆಯಲ್ಲಿ ಕೇಳಿ ರೂಢಿಯಾಗಿದ್ದಾರೋ ಆ ಭಾಷೆಯಲ್ಲಿಯೇ ಕೇಳಿಸಬೇಕೆಂಬ ವಿವೇಕವಿದು. ನಮನದಿಂದ ಆರಂಭಿಸುವ ಪದ್ಧತಿಯನ್ನೂ ಕವಿ ಬಿಡಲಿಲ್ಲ. ಮರಾಠಿಯನ್ನು ರತ್ನ, ಪುಷ್ಪ, ಕಸ್ತೂರಿಗಳಿಗೆ ಹೋಲಿಸಿ ಹೊಗಳಿದ ಅವರ ಪದ್ಯಗಳನ್ನು ಮರಾಠಿಗರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ.

ಆದರೆ ಇದೆಲ್ಲವೂ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಗೋವೆಯಲ್ಲಿ 1556ರಿಂದ ಮುದ್ರಣವಿದ್ದರೂ ನಾಡಿನ ಲಿಪಿಯ ಅಚ್ಚುಮೊಳೆಗಳು ಇರಲಿಲ್ಲ. 1608ರ ಡಿಸೆಂಬರಿನಲ್ಲಿ ಸ್ಟೀಫನ್ಸರು ಸಭೆಯ ಮಹಾಧ್ಯಕ್ಷರಿಗೆ ಪತ್ರ ಬರೆದು, ಸಾಯುವ ಮುನ್ನ ಈ ನಾಡಿನ ಭಾಷೆ ಮತ್ತು ಲಿಪಿಯಲ್ಲಿ ಪುಸ್ತಕಗಳು ಅಚ್ಚಾಗುವುದನ್ನು ಕಾಣಬೇಕೆಂದು ಕೋರಿದರು. ಅಕ್ಷರಗಳು ಗುಣಿತಾಕ್ಷರಗಳಾದ್ದರಿಂದ ಮೊಳೆಗಳ ಸಂಖ್ಯೆ ಆರುನೂರರಷ್ಟಾಗುತ್ತದೆ, ಜಾಣ್ಮೆಯಿಂದ ಇನ್ನೂರಕ್ಕೆ ಇಳಿಸಬಹುದು ಎಂಬ ಲೆಕ್ಕವನ್ನೂ ಕೊಟ್ಟರು. ಕಾಗುಣಿತದ ಮೊಳೆಗಳೊಡನೆ ಹೆಣಗಿದ ಕನ್ನಡ ಮುದ್ರಣದ ಇತಿಹಾಸವನ್ನು ಬಲ್ಲವರಿಗೆ ಈ ಲೆಕ್ಕದ ಹಿಂದಿನ ಶ್ರಮ ಅರ್ಥವಾದೀತು. ಕೋರಿಕೆ ಕೈಗೂಡಲಿಲ್ಲ. ಸಾಷ್ಟಿಯಲ್ಲಿ ಸುಮಾರು ನಾಲ್ಕು ದಶಕ ದುಡಿದ ಸ್ಟೀಫನ್ಸರು 1619ರಲ್ಲಿ ಕಣ್ಮುಚ್ಚಿದರು.

ಅವರ ತರುವಾಯ ಕಾಲ ಬದಲಾಯಿತು. 1684ರಲ್ಲಿ ಪೋರ್ಚುಗೀಸ್ ವೈಸರಾಯ್ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನು ಆಡಬೇಕೆಂದು ಆಜ್ಞೆ ಹೊರಡಿಸಿದನು. ಗೋವೆಯಿಂದ ಕೆನರಾ ಕರಾವಳಿಗೆ ವಲಸೆ ಬಂದ ಕ್ರೈಸ್ತರು ಪುರಾಣದ ಕೈಬರಹದ ಪ್ರತಿಗಳನ್ನು ತಂದು ಮನೆಗಳಲ್ಲಿ ಓದಿ ಹಾಡಿ ಉಳಿಸಿದರು. ಮೊದಲ ಮೂರು ಮುದ್ರಣಗಳ ಒಂದು ಪ್ರತಿಯೂ ದೊರೆತಿಲ್ಲ. ಇಂಥ ಕೈಬರಹಗಳನ್ನು ಕೂಡಿಸಿ ಜೋಸೆಫ್ ಸಲ್ಡಾನ್ಹಾ ಅವರು 1907ರಲ್ಲಿ ಮಂಗಳೂರಿನಲ್ಲಿ ರೋಮನ್ ಲಿಪಿಯ ಆವೃತ್ತಿಯನ್ನು ಪ್ರಕಟಿಸಿದ್ದರಿಂದಲೇ ಕಾವ್ಯ ವಿದ್ವಾಂಸರ ಕೈಸೇರಿತು. ಮಕ್ಕಳ ಧರ್ಮಪಾಠದ ಪಡಿಯಚ್ಚನ್ನು ಮರಿಯಾನೊ ಸಲ್ಡಾನ್ಹಾ ಅವರು 1945ರಲ್ಲಿ ಲಿಸ್ಬನ್ನಿನಲ್ಲಿ ಹೊರತಂದರು.

1920ರ ದಶಕದಲ್ಲಿ ಜಸ್ಟಿನ್ ಅಬಟ್ ಅವರು ಲಂಡನ್ನಿನ ಮಾರ್ಸ್‌ಡನ್ ಸಂಗ್ರಹದಲ್ಲಿದ್ದ ದೇವನಾಗರಿ ಲಿಪಿಯ ಪ್ರತಿಯೊಂದನ್ನು ಬೆಳಕಿಗೆ ತಂದರು. ಅದರಲ್ಲಿ ಪೋರ್ಚುಗೀಸ್, ಲ್ಯಾಟಿನ್ ಪದಗಳಿರಬೇಕಾದ ಎಷ್ಟೋ ಕಡೆ ಸಂಸ್ಕೃತ ಪದಗಳಿವೆ. ಸ್ಟೀಫನ್ಸರು ಮೊದಲು ಬರೆದದ್ದು ಸಂಸ್ಕೃತ ಪದಗಳನ್ನೇ, ಅಚ್ಚಿನಲ್ಲಿ ಅವು ಬದಲಾದವು ಎಂದು ಒಂದು ಪಕ್ಷ. ಅಚ್ಚಿನ ಪದಗಳೇ ಮೊದಲಿನವು, ಸಂಸ್ಕೃತೀಕರಣ ಆಮೇಲಿನದು ಎಂದು ಇನ್ನೊಂದು ಪಕ್ಷ. ನಿರ್ಣಯ ಯಾವ ಕಡೆಗಾದರೂ, ಪವಿತ್ರ ವಸ್ತುವಿಗೆ ಯಾರ ಭಾಷೆಯ ಹೆಸರು ಎಂಬ ಪ್ರಶ್ನೆ ಆ ಕಾವ್ಯದ ಒಳಗೇ ಇತ್ಯರ್ಥವಾಗದೆ ಉಳಿದಿತ್ತೆಂಬುದಕ್ಕೆ ಈ ಎರಡು ಪಾಠಗಳು ಸಾಕ್ಷಿ.

ಕನ್ನಡದ ಕ್ಯಾಥೊಲಿಕ್ ಪದಗಳು ಹರಿದುಬಂದ ದಾರಿ ಬೇರೆ. ಮೈಸೂರು ಸೀಮೆಯಲ್ಲಿ 1649ರ ಸುಮಾರಿಗೆ ಮಿಷನ್ ಆರಂಭಿಸಿದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಕನ್ನಡದಲ್ಲಿ ಧರ್ಮಪಾಠವನ್ನು ರಚಿಸಿದರು. ಅವರಿಗೆ ಮಾದರಿ ಸಾಷ್ಟಿಗಿಂತ ಹೆಚ್ಚಾಗಿ ನೊಬಿಲಿಯವರ ಮದುರೆ. ಕೊಂಕಣಿಯ ಮಗು ಪೋರ್ಚುಗೀಸಿನಿಂದ ಬಂದ 'ಖುರಿಸ್' ಎನ್ನುವಲ್ಲಿ ಕನ್ನಡದ ಮಗು 'ಶಿಲುಬೆ' ಎನ್ನುತ್ತದೆ. ಅದು ಸಿರಿಯಾಕ್ ಮೂಲದ್ದು, ಮಲಯಾಳ ಮತ್ತು ತಮಿಳುಗಳ ನೆರೆಯಿಂದ ಬಂದದ್ದು. 'ಮೀಸ್' ಇರುವಲ್ಲಿ ಬಲಿಪೂಜೆ, 'ಕುಮ್ಗಾರ್' ಇರುವಲ್ಲಿ ಪರಮಪ್ರಸಾದ. ಮಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದೇ ಮಗು ಎರಡನ್ನೂ ಕಲಿಯುತ್ತದೆ.

ಸ್ಟೀಫನ್ಸರು 1608ರಲ್ಲಿ ಕೇಳಿದ್ದ ನಾಡಲಿಪಿಯ ಅಚ್ಚು 'ಕ್ರಿಸ್ತಪುರಾಣ'ಕ್ಕೆ ದೊರೆತದ್ದು 1956ರಲ್ಲಿ, ಶಾಂತಾರಾಮ ಬಂಡೇಲು ಅವರ ದೇವನಾಗರಿ ಆವೃತ್ತಿಯಿಂದ.