ಕಲ್ಲಿದ್ದಲ ಹಡಗಿನ ಉಮೇದುವಾರ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಮಾರ್ಟನ್ ಎಂಬುದೊಂದು ಸಣ್ಣ ಹಳ್ಳಿ. 1728ರ ಅಕ್ಟೋಬರ್ 27ರಂದು ಅಲ್ಲಿಯ ಹೊಲದ ಕೂಲಿಯೊಬ್ಬನ ಮನೆಯಲ್ಲಿ ಜೇಮ್ಸ್ ಕುಕ್ ಜನಿಸಿದನು. ತಂದೆ ದುಡಿಯುತ್ತಿದ್ದ ಜಮೀನಿನ ಒಡೆಯನು ಶುಲ್ಕ ಕೊಟ್ಟುದರಿಂದ ಹುಡುಗನಿಗೆ ಓದು, ಬರೆಹ, ಲೆಕ್ಕ ಇಷ್ಟು ದೊರೆಯಿತು. ಹದಿನಾರರ ಪ್ರಾಯದಲ್ಲಿ ಅವನನ್ನು ಸ್ಟೇತ್ಸ್ ಎಂಬ ಮೀನುಗಾರರ ಊರಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಸಿದರು.

ಅಂಗಡಿಯ ಬಾಗಿಲಿನಾಚೆಗೇ ಕಡಲು. ತಕ್ಕಡಿ ಹಿಡಿದ ಕೈಗೆ ಹಡಗಿನ ಹಗ್ಗ ಹಿಡಿಯುವ ಹಂಬಲ ಹುಟ್ಟಿತು. ಗಲ್ಲಾಪೆಟ್ಟಿಗೆಯ ಹೊಳೆಯುವ ನಾಣ್ಯವೊಂದರ ದೆಸೆಯಿಂದ ಯಜಮಾನನೊಡನೆ ಮನಸ್ತಾಪವಾಗಿ ಅವನು ಓಡಿಹೋದನೆಂಬ ಕಥೆಯೊಂದುಂಟು. ದೊಡ್ಡವರ ಬಾಲ್ಯಕ್ಕೆ ಇಂತಹ ಕಥೆಗಳು ತಾವಾಗಿಯೇ ಬಂದು ಅಂಟಿಕೊಳ್ಳುತ್ತವೆ. ಯಜಮಾನನೇ ಅವನನ್ನು ವಿಟ್ಬಿ ಬಂದರಿನ ಜಾನ್ ವಾಕರ್ ಎಂಬ ಹಡಗುದಾರನಿಗೆ ಪರಿಚಯಿಸಿದನೆಂಬುದೇ ಹೆಚ್ಚು ನಂಬತಕ್ಕ ಮಾತು.

1746ರಲ್ಲಿ ಕುಕ್ ವಾಕರನ ಬಳಿ ಮೂರು ವರ್ಷದ ಕರಾರಿನ ಉಮೇದುವಾರನಾದನು. ಹಡಗಿನಲ್ಲಿ ಅದಕ್ಕಿಂತ ಕೆಳಗಿನ ಸ್ಥಾನವಿಲ್ಲ. ಎಷ್ಟೋ ಹುಡುಗರು ಹನ್ನೆರಡು ಹದಿಮೂರಕ್ಕೇ ಕಡಲಿಗಿಳಿಯುತ್ತಿದ್ದ ಆ ಕಾಲದಲ್ಲಿ ಅವನಿಗಾಗಲೇ ಹದಿನೆಂಟು ತುಂಬುತ್ತಿದ್ದಿತು. ‘ಫ್ರೀಲವ್’ ಎಂಬ ಹಡಗು ಟೈನ್ ನದಿಯಿಂದ ಲಂಡನ್ನಿಗೆ ಕಲ್ಲಿದ್ದಲು ಸಾಗಿಸುತ್ತಿತ್ತು. ಗಾಳಿಗೆ ತೂಗಾಡುವ ಕೂವೆಮರವನ್ನೇರಿ ಹಾಯಿ ಸುತ್ತಬೇಕು. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ನೀರಿನ ಆಳ ನೋಡಬೇಕು. ಮೈಯೆಲ್ಲ ಕಲ್ಲಿದ್ದಲ ಧೂಳು. ಆ ತೀರದಲ್ಲಿ ಮರಳಿನ ದಿಬ್ಬಗಳು ಜಾಗ ಬದಲಿಸುತ್ತವೆ, ಮಂಜು ದಾರಿಯನ್ನು ಮುಚ್ಚುತ್ತದೆ. ಅಲ್ಲಿ ಹಡಗು ನಡೆಸಲು ಕಲಿತವನು ಎಲ್ಲಿಯಾದರೂ ನಡೆಸಬಲ್ಲನು. ಚಳಿಗಾಲದಲ್ಲಿ ಹಡಗುಗಳು ಬಂದರಿನಲ್ಲಿ ತಂಗಿದಾಗ ಕುಕ್ ಗಣಿತ, ನೌಕಾಶಾಸ್ತ್ರಗಳನ್ನು ಅಭ್ಯಾಸ ಮಾಡುತ್ತಿದ್ದನು. ವಾಕರನ ಮನೆಯ ಹೆಂಗಸೊಬ್ಬಳು ಅವನ ಓದಿಗೆಂದು ಮೇಜನ್ನೂ ಮೇಣದಬತ್ತಿಯನ್ನೂ ಒದಗಿಸುತ್ತಿದ್ದಳೆಂದು ಹೇಳುತ್ತಾರೆ.

ಕರಾರು ಮುಗಿದು ಅವನು ನಾವಿಕನಾದನು. 1752ರಲ್ಲಿ ‘ಫ್ರೆಂಡ್‌ಶಿಪ್’ ಹಡಗಿನ ಮೇಟ್ ಆದನು. 1755ರಲ್ಲಿ ವಾಕರನು ಅದೇ ಹಡಗಿನ ಒಡೆತನವನ್ನೇ, ಎಂದರೆ ಕಪ್ತಾನನ ಪದವಿಯನ್ನೇ, ಅವನ ಮುಂದಿಟ್ಟನು. ಕೂಲಿಯ ಮಗನಿಗೆ ಇದು ಸಣ್ಣ ಭಾಗ್ಯವಲ್ಲ. ಕುಕ್ ಅದನ್ನು ಬಿಟ್ಟು ರಾಜ ನೌಕಾದಳಕ್ಕೆ ಹೋಗಿ ಸಾಮಾನ್ಯ ನಾವಿಕರ ಸಾಲಿನಲ್ಲಿ ಹೆಸರು ಬರೆಯಿಸಿದನು! ದಳಕ್ಕೆ ಆಳು ಸಾಲದೆ ಬೀದಿಯಲ್ಲಿ ಕಂಡವರನ್ನು ಬಲಾತ್ಕಾರದಿಂದ ಹಿಡಿದೊಯ್ಯುತ್ತಿದ್ದ ದಿನಗಳವು. ಅಂತಹ ಕಡೆಗೆ ಇಪ್ಪತ್ತಾರು ವರ್ಷದ ಯುವಕನೊಬ್ಬನು ತಾನಾಗಿ ನಡೆದು ಹೋದನು. ಫ್ರಾನ್ಸಿನೊಡನೆ ಯುದ್ಧ ಸಮೀಪಿಸುತ್ತಿದ್ದಿತು. ಕಲ್ಲಿದ್ದಲ ದಾರಿಗಿಂತ ದೂರದ ದಾರಿಗಳು ಅವನನ್ನು ಕರೆದಿರಬೇಕು. ಒಂದು ತಿಂಗಳೊಳಗೆ ‘ಈಗಲ್’ ಯುದ್ಧನೌಕೆಯಲ್ಲಿ ಅವನಿಗೆ ಬಡ್ತಿಯಾಯಿತು. 1757ರ ಜೂನ್ 29ರಂದು ಡೆಪ್ಟ್‌ಫರ್ಡಿನಲ್ಲಿ ಪರೀಕ್ಷೆಗೆ ಕುಳಿತು, ಹಡಗಿನ ಮಾರ್ಗನಿರ್ದೇಶನದ ಹೊಣೆ ಹೊರುವ ‘ಮಾಸ್ಟರ್’ ಪದವಿಗೆ ಅರ್ಹನಾದನು.

ಮುಂದೆ ಕೆನಡದ ಸೇಂಟ್ ಲಾರೆನ್ಸ್ ನದಿಯ, ನ್ಯೂಫೌಂಡ್‌ಲೆಂಡ್ ತೀರದ ನಕ್ಷೆಗಳನ್ನು ತಯಾರಿಸಿ ಹೆಸರಾದನು. 1768ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಲೆಫ್ಟಿನೆಂಟನಾಗಿ ‘ಎಂಡೆವರ್’ ಹಡಗಿನಲ್ಲಿ ಪೆಸಿಫಿಕ್ ಸಾಗರಕ್ಕೆ ಹೊರಟನು. ಎಂಡೆವರ್ ವಿಟ್ಬಿಯಲ್ಲಿ ಕಟ್ಟಿದ ಕಲ್ಲಿದ್ದಲ ಹಡಗೇ ಆಗಿದ್ದಿತು! 1770ರ ಜೂನಿನಲ್ಲಿ ಆಸ್ಟ್ರೇಲಿಯದ ಪೂರ್ವತೀರದ ಹವಳದ ದಿಬ್ಬಕ್ಕೆ ಅದು ಬಡಿಯಿತು. ಫಿರಂಗಿಗಳನ್ನೂ ಭಾರದ ಸಾಮಾನುಗಳನ್ನೂ ಕಡಲಿಗೆಸೆದು, ಉಣ್ಣೆ ಮತ್ತು ನಾರು ಮೆತ್ತಿದ ಹಾಯಿಯನ್ನು ತೂತಿಗೆ ಹೊರಗಿನಿಂದ ಬಿಗಿದು, ಹಡಗನ್ನು ನದಿಯೊಂದರ ದಡಕ್ಕೆ ತಂದರು. ಅಗಲವಾದ ಚಪ್ಪಟೆ ತಳವಿದ್ದುದರಿಂದ ಅದನ್ನು ಮರಳಿನ ಮೇಲೆ ನಿಲ್ಲಿಸಿ ದುರಸ್ತಿ ಮಾಡಲು ಸಾಧ್ಯವಾಯಿತು. ತೂತಿನಲ್ಲಿ ಹವಳದ ಬಂಡೆಯ ತುಂಡೊಂದು ಸಿಕ್ಕಿಕೊಂಡೇ ಇದ್ದಿತು. ಅದೇ ನೀರನ್ನು ತಡೆದು ಎಲ್ಲರನ್ನೂ ಉಳಿಸಿದ್ದಿತು.

ಆ ಯಾನದಿಂದ ಮರಳಿದ ಮೇಲೆ ಕುಕ್ ವಿಟ್ಬಿಗೆ ಹೋಗಿ ಹಳೆಯ ಯಜಮಾನನನ್ನು ಕಂಡುಬಂದನು. ಎರಡನೆಯ ಯಾನದಲ್ಲಿ, 1773ರ ಜನವರಿ 17ರಂದು, ಅವನ ಹಡಗು ದಕ್ಷಿಣ ಧ್ರುವವೃತ್ತವನ್ನು ದಾಟಿತು. ಆದರೆ ಅವನು ಇಳಿದ ದಡಗಳಲ್ಲಿ ಮೊದಲೇ ಜನರಿದ್ದರು. ನ್ಯೂಜಿಲೆಂಡಿನಲ್ಲಿ ಅವನ ಕಡೆಯವರ ಗುಂಡಿಗೆ ಮಾವೊರಿ ಜನರು ಬಲಿಯಾದರು. ಮೂರನೆಯ ಯಾನದಲ್ಲಿ, ಕಳುವಾದ ದೋಣಿಯೊಂದಕ್ಕಾಗಿ ಹವಾಯಿಯ ಅರಸನನ್ನೇ ಒತ್ತೆಯಾಗಿ ಹಿಡಿಯಹೋದಾಗ ಕಲಹವೆದ್ದು, 1779ರ ಫೆಬ್ರವರಿ 14ರಂದು ಅಲ್ಲಿಯ ಕಡಲ ಅಂಚಿನಲ್ಲಿಯೇ ಕುಕ್ ಹತನಾದನು.