ಛತ್ರವನ್ನೇ ವಾರಸುದಾರನನ್ನಾಗಿ ಮಾಡಿದ ಗುಬ್ಬಿ ತೋಟದಪ್ಪನವರು

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯ ಜನಕ್ಕೆ ದಾಸೋಹವೆಂಬ ಮಾತು ಹೊಸದಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಜನಿಸಿದ ಶರಣಬಸವೇಶ್ವರರು ಕಲಬುರಗಿಯಲ್ಲಿ ನೆಲೆಸಿ, ಬಂದವರಿಗೆಲ್ಲ ಅನ್ನವಿಕ್ಕಿದ ನಾಡು ಅದು. ಆದರೆ ಬಂದವರಿಗೆ ಆಸರೆ ಕೊಡುವ ಮನೆಯೊಂದು ಯಜಮಾನನ ಕಾಲಾನಂತರವೂ ಉಳಿಯಬೇಕಾದರೆ ಔದಾರ್ಯವೊಂದೇ ಸಾಲದು. ಕಾಗದಪತ್ರದ ಬಲವೂ ಬೇಕು. ಈ ಸತ್ಯವನ್ನು ಕಂಡುಕೊಂಡ ಮಹನೀಯರಲ್ಲಿ ಗುಬ್ಬಿ ತೋಟದಪ್ಪನವರು ಸ್ಮರಣೀಯರು.

ತೋಟದಪ್ಪನವರು 1838ರಲ್ಲಿ ಗುಬ್ಬಿಯ ವೀರಶೈವ ಮನೆತನದಲ್ಲಿ ಜನಿಸಿದರು. ಕುಟುಂಬವು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ನಿಂತಿತು. ದುಡಿಮೆ ಕೈಹಿಡಿಯಿತು, ಸಂಪತ್ತು ಕೂಡಿತು. ಮಕ್ಕಳ ಭಾಗ್ಯ ಮಾತ್ರ ಒದಗಲಿಲ್ಲ.

ಅಂದಿನ ಬೆಂಗಳೂರು ಬೆಳೆಯುತ್ತಿದ್ದ ಊರು. 1864ರಲ್ಲಿ ದಂಡಿಗೆ ಬಂದ ರೈಲು ಮುಂದೆ ಪೇಟೆಯ ಬದಿಗೂ ಹರಿಯಿತು. ವ್ಯಾಪಾರಕ್ಕೆ, ವ್ಯಾಜ್ಯಕ್ಕೆ, ವಿದ್ಯೆಗೆಂದು ಬಂದಿಳಿದವರಿಗೆ ತಂಗುವ ತಾವು ದುರ್ಲಭವಾಗಿತ್ತು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಮನೆಗಳ ಕಷ್ಟವನ್ನು ಎತ್ತಿ ತೋರಿಸಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲಿಯೇ. ನೆಂಟರಿಲ್ಲದ ಪರಸ್ಥಳದವನ ಪಾಡು ಹೇಗಿದ್ದಿರಬೇಕೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ತೋಟದಪ್ಪನವರು 1897ರಲ್ಲಿ ರೈಲು ನಿಲ್ದಾಣದ ಎದುರಿಗೆ ರೈಲ್ವೆಯವರಿಂದ ನಿವೇಶನವನ್ನು ಕೊಂಡರು. 1903ರಲ್ಲಿ, ಹಿಂದಿನ ವರ್ಷವಷ್ಟೇ ರಾಜ್ಯಭಾರವನ್ನು ವಹಿಸಿಕೊಂಡಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಅಲ್ಲಿಯ ಛತ್ರವನ್ನು ಉದ್ಘಾಟಿಸಿದರು. ಮುಂದೆ ವೀರಶೈವ ವಿದ್ಯಾರ್ಥಿಗಳಿಗಾಗಿ ಉಚಿತ ವಿದ್ಯಾರ್ಥಿನಿಲಯವೂ ನಡೆಯಿತು. ಅರಸರಿಂದ ಧರ್ಮಪ್ರವರ್ತ, ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಎಂಬ ಬಿರುದುಗಳು ಅವರಿಗೆ ಸಂದವು.

ಛತ್ರವನ್ನು ಕಟ್ಟಿಸಿದವರು ನಮ್ಮಲ್ಲಿ ಬಹುಮಂದಿ. ಕಟ್ಟಿಸಿದವರು ಕಣ್ಮರೆಯಾದ ಬಳಿಕ ದಾಯಾದಿಗಳ ಕಲಹದಲ್ಲಿ, ಮೇಲ್ವಿಚಾರಕರ ಅಲಕ್ಷ್ಯದಲ್ಲಿ ಹಾಳುಬಿದ್ದ ಛತ್ರಗಳೂ ಅಷ್ಟೇ ಬಹುಸಂಖ್ಯೆಯವು. ಕಾನೂನಾದರೂ ಕಾಯುತ್ತಿತ್ತೆ? ಬ್ರಿಟಿಷ್ ಭಾರತದಲ್ಲಿ 1867ರಲ್ಲಿ ಬಂದ ಸರಾಯಿ ಕಾನೂನು ತಂಗುಮನೆ ನಡೆಸುವವನು ಹೆಸರನ್ನು ದಾಖಲು ಮಾಡಿಸಬೇಕು, ಕಟ್ಟಡವನ್ನು ಚೊಕ್ಕಟವಾಗಿಡಬೇಕು, ಸೋಂಕುರೋಗ ಕಂಡರೆ ವರದಿ ಕೊಡಬೇಕು ಎಂದು ವಿಧಿಸಿತು. ಪ್ರಯಾಣಿಕರ ಹಿತಕ್ಕೆ ಅದು ಬೇಕಾದದ್ದೇ. ಆದರೆ ಅದು ನಡೆಸುವವನ ಹೆಗಲಿಗೆ ಹೊಣೆಯನ್ನು ಹೊರಿಸಿತೇ ಹೊರತು, ಅವನ ತರುವಾಯ ಆ ಮನೆ ಉಳಿಯುವ ಭರವಸೆಯನ್ನು ಕೊಡಲಿಲ್ಲ.

ಆ ಭರವಸೆಯನ್ನು ತೋಟದಪ್ಪನವರು ತಾವೇ ನಿರ್ಮಿಸಿಕೊಂಡರು. ಕಡೆಗಾಲದಲ್ಲಿ ತಮ್ಮ ಆಸ್ತಿಯನ್ನೆಲ್ಲ ಧರ್ಮಸಂಸ್ಥೆಗೆ ಬರೆದುಕೊಟ್ಟು, ಕೆ.ಪಿ. ಪುಟ್ಟಣ್ಣಚೆಟ್ಟರನ್ನು ಅದರ ಅಧ್ಯಕ್ಷರನ್ನಾಗಿ ನೇಮಿಸಿದರು. ಆಡಳಿತವನ್ನು ಬಲ್ಲ ಗೃಹಸ್ಥರ ಕೈಗೆ ಧರ್ಮಕಾರ್ಯ ಸೇರಿತು. ಸಂತಾನವಿಲ್ಲದವರು ದತ್ತು ತೆಗೆದುಕೊಳ್ಳುವುದು ಲೋಕರೂಢಿ. ಇವರು ಗುರುತಿಲ್ಲದ ಪ್ರಯಾಣಿಕನನ್ನೂ ಬಡ ವಿದ್ಯಾರ್ಥಿಯನ್ನೂ ವಾರಸುದಾರರನ್ನಾಗಿ ಮಾಡಿಕೊಂಡರು. 1910ರಲ್ಲಿ ಅವರು ಲಿಂಗೈಕ್ಯರಾದಾಗ ಛತ್ರ ಅನಾಥವಾಗಲಿಲ್ಲ.

1956ರ ಏಕೀಕರಣದಿಂದ ಕಲಬುರಗಿ ಸೀಮೆಗೂ ಬೆಂಗಳೂರೇ ರಾಜಧಾನಿಯಾಯಿತು. ಅಲ್ಲಿ ರೈಲಿಳಿದು ಹೊರಬರುವವರ ಮುಂದೆ ಇಂದಿಗೂ ತೋಟದಪ್ಪನವರ ಹೆಸರಿನ ರಸ್ತೆಯಿದೆ, ಅವರ ಛತ್ರವಿದೆ. ದಾನ ಮಾಡುವ ಮನಸ್ಸು ದೊಡ್ಡದು. ಕೊಟ್ಟದ್ದು ತನ್ನ ನಂತರವೂ ಕೆಡದಂತೆ ಕಟ್ಟುಮಾಡುವ ವಿವೇಕ ಅದಕ್ಕಿಂತ ಅಪರೂಪದ್ದು.